ಬೀಡಿನ ಹಂಚು

ಮಗಳ ಮದುವೆಯ ಹೋಳಿಗೆಗೆ ಬೇಕೆಂದು ಹಂಪಯ್ಯ ಗೌಡರು ಕೇರಿಯ ಹಂಚನ್ನು ತರಿಸಿಕೊಂಡರು. ಮದುವೆ ಮುಗಿಯಿತು. ಹಂಚು ವಾಪಸು ಬರಲಿಲ್ಲ.

ಹೊತ್ತುಕೊಂಡು ಹೋದವನು ತಾಯಣ್ಣ. ಊರಿನ ವಾಲಿಕಾರ, ಗೌಡರ ಹುಕುಮನ್ನು ಕೇರಿಗೆ ಮುಟ್ಟಿಸುವವನು, ಕೇರಿಯ ಬಿಟ್ಟಿ ಆಳುಗಳನ್ನು ಗೌಡರ ಅಂಗಳಕ್ಕೆ ಮುಟ್ಟಿಸುವವನು. ಹಂಚಿನ ಒಡತಿ ಯಮನಮ್ಮನ ಬೆನ್ನಿಗೆ ಬಿದ್ದ ತಮ್ಮನೂ ಅವನೇ. "ಮದಿವಿ ಮುಗದ ಮರುದಿನ ನಾನೇ ಹೊತ್ತು ತರ್ತೀನಿ ಯಕ್ಕಾ" ಅಂದಿದ್ದ. ಮದುವೆ ಹಂದರದ ಗಳಗಳು ಒಣಗಿ ಒಲೆಗೆ ಹೋದವು. ತಾಯಣ್ಣ ಅಕ್ಕನ ಗುಡಿಸಲ ಮುಂದೆ ಹಾಯುವುದನ್ನೇ ಬಿಟ್ಟು ಕಳ್ಳಿಸಾಲಿನ ಹಿಂದಿನ ದಾರಿ ಹಿಡಿದ.

ದೇವದುರ್ಗದಿಂದ ಮಾನ್ವಿಯ ಕಡೆ ಹೋಗುವ ಬಂಡಿದಾರಿಯ ಮೇಲಿನ ಊರು ಅದು. ಯುದ್ಧದ ಕಾಲ. ಸಂತೆಯಲ್ಲಿ ಕಬ್ಬಿಣದ ಸಾಮಾನು ಕಣ್ಣಿಗೆ ಬೀಳುತ್ತಿರಲಿಲ್ಲ. ಯುದ್ಧಕ್ಕೆ ಹಳೇ ಕಬ್ಬಿಣ ಕೊಡಿ ಎಂದು ಸರಕಾರದವರು ಕೇಳಿದಾಗ ಹಂಪಯ್ಯ ಗೌಡರು ಹೆಸರು ಬರಲಿ ಎಂದು ಮನೆಯ ದೊಡ್ಡ ಹಂಚು, ಕಡಾಯಿಗಳನ್ನೆಲ್ಲ ಬಂಡಿಗೆ ಹೇರಿಸಿ ಕಳಿಸಿದ್ದರು. ರಾಯಚೂರಿನ ಬಜಾರಿನಲ್ಲಿ ಹೊಸದು ಸಿಕ್ಕೀತೆಂಬ ಧೈರ್ಯ. ಸಿಗಲಿಲ್ಲ. ಮದುವೆ ಹತ್ತಿರ ಬಂದಾಗ, ಊರಿಗೆಲ್ಲ ದೊಡ್ಡ ಹಂಚು ಇರುವುದು ಕೇರಿಯಲ್ಲಿ ಎಂಬುದು ಅವರಿಗೆ ನೆನಪಾಯಿತು.

ಆ ಹಂಚು ಹುಟ್ಟುವಾಗ ಹಂಚಾಗಿರಲಿಲ್ಲ. ರಾಯಚೂರಿನ ಒಂದು ಹತ್ತಿ ಜಿನ್ನಿನಲ್ಲಿ ಗಾಲಿಯ ಮುಚ್ಚಳವಾಗಿತ್ತು. ಬೀಡು, ಎಂದರೆ ಎರಕ ಹೊಯ್ದ ಕಬ್ಬಿಣ. ಯಮನಮ್ಮನ ಗಂಡ ಸುಂಕಪ್ಪ ಆ ಜಿನ್ನಿನಲ್ಲಿ ದುಡಿಯುತ್ತಿದ್ದ. ಅವಳಿಗೆ ಸೋದರಮಾವನೇ ಆಗಬೇಕು; ತವರೂ ಗಂಡನ ಮನೆಯೂ ಒಂದೇ ಕೇರಿ. ಒಂದು ದಿನ ಗಾಲಿ ಸುಂಕಪ್ಪನ ಅಂಗಿಯ ತೋಳನ್ನು ಎಳೆದುಕೊಂಡಿತು. ತೋಳಿನ ಹಿಂದೆ ಅವನೂ ಹೋದ. ಸುದ್ದಿ ಕೇಳಿ ಯಮನಮ್ಮ ರಾಯಚೂರು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಮುಗಿಸಿದ್ದರು. ಮಾಲಕರು ಊರಲ್ಲಿಲ್ಲ ಅಂದರು. ಮುನ್ಷಿ ಊಟಕ್ಕೆ ಹೋಗಿದ್ದಾರೆ ಅಂದರು. ಆ ಊಟ ಮುಗಿಯಲೇ ಇಲ್ಲ. ಗೇಟಿನ ಮುಂದೆ ಅವಳು ಕೂತಿದ್ದನ್ನು ನೋಡಿ ನೋಡಿ ಬೇಸತ್ತ ಚೌಕಿದಾರ ಗೋಡೆಯ ಹಿಂದಿನ ಗುಜರಿಯ ಕಡೆ ಕೈ ಮಾಡಿ, "ಅಲ್ಲಿ ಬಿದ್ದದ್ದರಾಗ ಏನರ ತಗೊಂಡು ಹೋಗವ್ವ" ಅಂದ.

ಮುಚ್ಚಳ ಅಲ್ಲಿ ಬಿದ್ದಿತ್ತು. ಅದೇ ಗಾಲಿಯದು. ಕಲ್ಮಲಾದವರೆಗೆ ಯಾರದೋ ಬಂಡಿಯ ಹಿಂದೆ, ಅಲ್ಲಿಂದ ಮುಂದೆ ತಲೆಯ ಮೇಲೆ ಹೊತ್ತು ತಂದಳು.

"ಅದರ ಮ್ಯಾಲ ರೊಟ್ಟಿ ಮಾಡಿಕ್ಯಂಡು ಹೆಂಗ ತಿಂತಿಯೇ ಯಮನಿ?" ಎಂದು ನೆರೆಮನೆಯ ದುರುಗಮ್ಮ ಕೇಳಿದ್ದಳು.

"ನನ್ನ ಗಂಡನ್ನ ತಿಂದದಲ್ಲ. ಇನ್ನ ಮ್ಯಾಲ ತಿನಸಲಿ."

ಇಟ್ಟಂಗಿ ಚೂರಿನಿಂದ ತಿಕ್ಕಿದಳು. ಹುಣಸೆಹುಳಿ ಬಳಿದಳು, ಬೂದಿ ಹಾಕಿ ಮತ್ತೆ ತಿಕ್ಕಿದಳು. ಯಂತ್ರದ ಎಣ್ಣೆಯ ನಾತ ಹೋಗುವ ತನಕ ಕುಳ್ಳಿನ ಬೆಂಕಿಯಲ್ಲಿ ಹುಗಿದಿಟ್ಟಳು. ಹೊರಬಂದ ಕಬ್ಬಿಣ ಬೂದಿಬಣ್ಣಕ್ಕೆ ತಿರುಗಿತ್ತು, ಹೆತ್ತ ಬಾಣಂತಿಯ ಮುಖದ ಹಾಗೆ. ಅಲ್ಲಿಂದ ಹದ ಹಾಕುವ ಕೆಲಸ. ಬಿಸಿ ಮಾಡಿ ನೆಣ ಸವರಬೇಕು, ಸವರಿದ್ದೆಲ್ಲ ಬಟ್ಟೆಯಿಂದ ಒರೆಸಿ ತೆಗೆಯಬೇಕು, ಏನೂ ಉಳಿದಿಲ್ಲ ಅನಿಸಿದ ಮೇಲೆ ಕಾಸಬೇಕು. ಆರಿದ ಮೇಲೆ ಮತ್ತೆ ಮೊದಲಿಂದ. ಆತುರ ಮಾಡಿ ದಪ್ಪಗೆ ಸವರಿದರೆ ಅಂಟಾಗುತ್ತದೆ. ನೆಣ ದನದ್ದು. ಊರಿನ ಸತ್ತ ದನ ಎಳೆಯುವುದು ಕೇರಿಯವರ ಪಾಲಿನ ಬಿಟ್ಟಿ. ಅದರ ನೆಣ ಅವರ ಪಾಲಿನ ಕೂಲಿ.

ಜೋಳದ ರಾಶಿ ಮುಗಿಯುವ ಹೊತ್ತಿಗೆ ಹಂಚು ಮಿಂದ ಎಮ್ಮೆಯ ಮೈಯಂತೆ ಹೊಳೆಯುತ್ತಿತ್ತು. ಮಣ್ಣಿನ ಹಂಚುಗಳು ಸೀಳಿ ಸೀಳಿ ಹೋಗುತ್ತಿದ್ದ ಕೇರಿಯಲ್ಲಿ ಹೆಂಗಸರೆಲ್ಲ ನಸುಕಿನಲ್ಲಿ ಹಿಟ್ಟಿನ ಪರಾತ ಹಿಡಿದು ಯಮನಮ್ಮನ ಒಲೆಯ ಸುತ್ತ ಸೇರತೊಡಗಿದರು. ಒಂದೇ ಉರಿ, ಪಾಳಿಯಂತೆ ರೊಟ್ಟಿ. ಕುಳ್ಳು ಉಳಿಯಿತು. ಹತ್ತಿ ಬಿಡಿಸಲು ಹೋಗುವವರ ಗಂಟಿನಲ್ಲಿ ಅಂಬಲಿಯ ಬದಲು ರೊಟ್ಟಿ ಬಂತು. ಸುತ್ತಲ ಊರುಗಳ ಕೇರಿಗಳಿಂದ ಹೆಂಗಸರು ತುಕ್ಕು ಹಿಡಿದ ಬಾಣಲೆ, ತಳ ಕಪ್ಪಾದ ತವೆಗಳನ್ನು ಹೊತ್ತು ತಂದರು. ಯಮನಮ್ಮ ತಾನೂ ಮಾನ್ವಿ ಸಂತೆಯ ಗುಜರಿಯಲ್ಲಿ ಬಿದ್ದದ್ದನ್ನು ಆಯ್ದು ತಂದು ಜೀವ ತುಂಬಿ, ಇಲ್ಲದವರಿಗೆ ಕೊಡುತ್ತಿದ್ದಳು. ಹಂಚಿನ ಯಮನಮ್ಮ ಎಂಬ ಹೆಸರು ಬಿತ್ತು.

ಈಗ ಹಂಚಿನ ಯಮನಮ್ಮನಿಗೇ ಹಂಚಿಲ್ಲ.

ಮಾನ್ವಿ ಸಂತೆಗೆ ರಾಯಚೂರಿನಿಂದ ಗುಜರಿ ಹೇರಿಕೊಂಡು ಬರುವವನು ಪೀರಾ ಸಾಬ್. ಅವನ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಯಮನಮ್ಮ ಕೇಳಿದಳು: "ಬೀಡಿನ ಹಂಚು ಅದ ಏನು ಸಾಬಣ್ಣ?"

"ಎಲ್ಲಿ ಬೀಡವ್ವ. ಎಲ್ಲಾ ತೋಪು ಆಗ್ಯಾವ. ನಿಮ್ಮ ಗೌಡರ ಕಡಾಯಿ ಈಗ ಯಾವ ಸಮುದ್ರದಾಗ ಗುಂಡಾಗಿ ಬಿದ್ದದೋ."

ಅಡಿಯಿಂದ ಒಂದನ್ನು ಎಳೆದು ತೆಗೆದ. ಯಮನಮ್ಮ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟಳು. ಗಟ್ಟಿ ಬೀಡು ಗುಡಿಯ ಗಂಟೆಯ ಹಾಗೆ ಉಲಿಯುತ್ತದೆ. ಇದು ಮರದ ಹಲಗೆಯ ಹಾಗೆ ಸತ್ತ ಸದ್ದು ಮಾಡಿತು.

"ಸೀಳು ಅದ."

"ನನಗೂ ಗೊತ್ತದ. ನಿನಗ ಗೊತ್ತಾಗ್ತದೋ ಇಲ್ಲೋ ನೋಡಿದೆ," ಎಂದು ಪೀರಾ ಸಾಬ್ ನಕ್ಕ. "ನಿಂದು ಗೌಡರ ಮನ್ಯಾಗ ಅದಂತಲ್ಲ. ಹೋಗಿ ಕೇಳು."

"ಕೇಳೀನಿ."

"ಏನಂದ್ರು?"

"ದೀವಳಗಿ ಆಗ್ಲಿ ಅಂದ್ರು."

"ಯಾವ ವರ್ಷದ್ದು ಅಂತ ಕೇಳಬೇಕಿತ್ತು."

ಗೌಡರ ಮನೆಯಲ್ಲಿ ಆ ಹಂಚು ಸುಖವಾಗೇನೂ ಇರಲಿಲ್ಲ.

ಕೇರಿಯ ಪಾತ್ರೆ ಮೇಲಿನವರ ಮನೆಗೆ ಬರಬೇಕಾದರೆ ಬೆಂಕಿ ದಾಟಬೇಕು. ಕಬ್ಬಿಣ ಕೆಂಪಗೆ ಕಾದರೆ ಮೈಲಿಗೆ ಸುಟ್ಟುಹೋಗುತ್ತದೆ. ಇದು ಹಿರಿಯರ ಮಾತು. ಮನುಷ್ಯರಿಗೆ ಇಂಥ ಸುಲಭದ ದಾರಿಯೊಂದನ್ನು ಯಾವ ಹಿರಿಯರೂ ಹೇಳಿಹೋಗಿಲ್ಲ. ಬೆಂಕಿ ದಾಟುವ ತನಕ ಅದನ್ನು ಗೌಡರ ಮನೆಯವರು, ಅವರ ಆಳುಮಕ್ಕಳು ಯಾರೂ ಮುಟ್ಟುವಂತಿಲ್ಲ. ಹಾಗಾಗಿ ಬೆಂಕಿಗೆ ಹಾಕುವ ಕೈ ಕೇರಿಯದೇ ಆಗಬೇಕು. ಕೆಂಪಾದ ಮೇಲೆ ಮನೆಯವರು ಇಕ್ಕಳ ಹಾಕಿ ತಮ್ಮ ಕಡೆ ಎಳೆದುಕೊಳ್ಳುತ್ತಾರೆ.

ಮದುವೆಯ ಹೊತ್ತಿಗೆ ಹಿತ್ತಲ ಕುಳ್ಳಿನ ಬೆಂಕಿಗೆ ಹಂಚನ್ನು ಹಾಕಿದವನು ತಾಯಣ್ಣ. ವರ್ಷಗಟ್ಟಲೆ ಕೂಡಿದ ನೆಣದ ಹದ ಹೊಗೆಯಾಗಿ ಎದ್ದಿತು. ಗೌಡರ ಮನೆಯ ಹೆಣ್ಣುಮಕ್ಕಳು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಶುದ್ಧವಾಗಿ ಹೊರಬಂದ ಹಂಚು ಬೂದಿಬಣ್ಣಕ್ಕೆ ತಿರುಗಿತ್ತು, ಮೊದಲ ಹೋಳಿಗೆಯನ್ನೇ ಕಚ್ಚಿ ಹಿಡಿಯಿತು. ಕೆರೆದು ತೆಗೆದರೆ ಹೂರಣ ಒಂದು ಕಡೆ, ಕಣಕ ಒಂದು ಕಡೆ. ಬೀಗರ ಎಲೆಗೆ ಹರಕು ಹೋಳಿಗೆ ಬಡಿಸಬೇಕಾಯಿತು. ಮದುವೆಯಾದ ಮೇಲೆ ಕುಸುಬಿ ಎಣ್ಣೆ ಸುರಿದು ನೋಡಿದರು. ಬೆಲ್ಲದ ಪಾಕದ ಹಾಗೆ ಅಂಟಾಯಿತು. ಉಗಾದಿ ಬಂದಾಗ ಗೌಡ್ತಿ ಮಹಾಂತಮ್ಮ ಹಂಚಿಗೆ ಹದ ಹಾಕಿಸಲು ಯಮನಮ್ಮನನ್ನು ಕರೆಸಿದಳು.

ಯಮನಮ್ಮ ಹೋಗಿ ದನದ ಕೊಟ್ಟಿಗೆಯ ಹಿಂದೆ ಕೂತು ಹದ ಹಾಕಿ ಕೊಟ್ಟಳು. ಯಮನಮ್ಮ ಮುಟ್ಟಿದ್ದರಿಂದ ಹಂಚು ಮತ್ತೆ ಮೈಲಿಗೆಯಾಯಿತು. ಮೈಲಿಗೆಯಾದ್ದರಿಂದ ಮತ್ತೆ ಬೆಂಕಿಗೆ ಹಾಕಿಸಿದರು. ಬೆಂಕಿಗೆ ಹಾಕಿದ್ದರಿಂದ ಹದ ಹೋಯಿತು. ಉಗಾದಿಯ ಹೋಳಿಗೆಯೂ ಹರಿಯಿತು. ಪಂಚಮಿಗೆ ಮತ್ತೆ ಕರೆ ಬಂತು, ದಸರೆಗೆ ಮತ್ತೆ. ಅವಳು ಹದ ಹಾಕುವುದು, ಅವರು ಸುಡಿಸುವುದು.

"ಗೌಡ್ತಿಗೆ ಇದು ತಿಳಿಯಂಗಿಲ್ಲೇನೇ?" ಎಂದು ದುರುಗಮ್ಮ ಕೇಳಿದಳು.

"ತಿಳೀಲಾರದೇನು? ಆಕಿನೂ ಒಲಿ ಮುಂದ ಬೆಳದಾಕಿ."

"ಮತ್ತ?"

"ತಿಳಿದದ್ದೆಲ್ಲ ಮಾಡಾಕ ಬರ್ತದೇನು ದೊಡ್ಡವರಿಗೆ. ಪಾಪ."

ಆ 'ಪಾಪ' ಕೇಳಿ ದುರುಗಮ್ಮ ನಕ್ಕಳು. ಯಮನಮ್ಮ ನಗಲಿಲ್ಲ. ಅವಳಿಗೆ ಸುಸ್ತಾಗಿತ್ತು. ಬಿಟ್ಟಿ ಚಾಕರಿಯ ದಣಿವು ಅವಳಿಗೆ ಹೊಸದಲ್ಲ. ರಾತ್ರಿ ಮಲಗಿದರೆ ಅದು ಇಳಿಯುತ್ತದೆ. ತಾನು ಮಾಡಿದ್ದನ್ನು ತನ್ನ ಕಣ್ಣೆದುರೇ ಸುಟ್ಟು, ಮತ್ತೆ ಮಾಡು ಅನ್ನುವವರ ಮುಂದೆ ಕೂರುವ ದಣಿವು ಮಲಗಿದರೂ ಇಳಿಯುತ್ತಿರಲಿಲ್ಲ. ಕೇರಿಯಲ್ಲಿ ಮತ್ತೆ ಮನೆಗೊಂದು ಸೀಳು ಹಂಚು, ಮನೆಗೊಂದು ಹೊಗೆ. ನಸುಕಿನಲ್ಲಿ ಅವಳ ಒಲೆಯ ಸುತ್ತ ಯಾರೂ ಬರುತ್ತಿರಲಿಲ್ಲ. ಗಂಟುಗಳಿಗೆ ಅಂಬಲಿ ವಾಪಸು ಬಂದಿತ್ತು.

ಮಾಗಿಯ ಚಳಿ ಬಿಡುವ ಹೊತ್ತಿಗೆ ಗೌಡರ ಮಗಳು ಬಸುರಿ ಎಂಬ ಸುದ್ದಿ ಬಂತು. ಬಸುರಿಗೆ ಉಡಿ ತುಂಬುವ ಕುಬಸದ ಕಾರ್ಯ ತವರಿನಲ್ಲಿ. ಮಾನ್ವಿ ಕಡೆಯ ಬೀಗರೆಲ್ಲ ಬಂಡಿ ಕಟ್ಟಿಕೊಂಡು ಬರುವವರು. ಮದುವೆಯ ಹರಕು ಹೋಳಿಗೆಯ ಮಾತನ್ನು ಅವರು ಇನ್ನೂ ಆಡಿಕೊಳ್ಳುತ್ತಿದ್ದರಂತೆ.

ಈ ಸಲ ತಾಯಣ್ಣ ಮುಂದಿನ ದಾರಿಯಿಂದಲೇ ಬಂದ.

"ಗೌಡ್ತಿ ಕರ್ಯಾಕತ್ತಾರ ಯಕ್ಕಾ."

"ಯಾಕ, ಸುಡಾಕ ಏನೂ ಉಳಿದಿಲ್ಲೇನು?"

"ಈ ಸಲ ಸುಡಸಂಗಿಲ್ಲಂತ. ಬರೇ ವಿಭೂತಿ ಹಚ್ಚಿ ತಗೋತಾರಂತ. ಕುಬಸ ಮುಗದ ಮ್ಯಾಲ ಹಂಚು ನೀನೇ ಮನಿಗೆ ಒಯ್ಯಿ ಅಂತ ಹೇಳ್ಯಾರ. ಗೌಡರಿಗೆ ಆಮ್ಯಾಲ ತಾವೇ ಹೇಳ್ತಾರಂತ."

"ಗೌಡ್ತಿ ಬಾಯಿಂದ ಕೇಳಿದ್ಯೋ, ನೀನೇ ಕೂಡಿಸಿಕ್ಯಂಡು ಬಂದ್ಯೋ?"

"ಅವ್ವನಾಣಿ, ಆಕಿ ಬಾಯಿಂದ," ಅಂದ ತಾಯಣ್ಣ. ಮತ್ತೆ ನೆಲ ನೋಡುತ್ತ, "ಮದಿವ್ಯಾಗ ಹೊತಗೊಂಡು ಹೋದಾಗಿಂದ ಕುಡದ ನೀರು ಸೈತ ನನಗ ಇಳಿಯಂಗಿಲ್ಲ. ಇದೊಂದು ಸಲ ಬಾ ಯಕ್ಕಾ. ಹಂಚು ನಾನೇ ಹೊತ್ತು ತರ್ತೀನಿ," ಅಂದ.

"ಮದಿವ್ಯಾಗೂ ಹಿಂಗೇ ಅಂದಿದ್ದಿ."

ಅಂದಳು, ಆದರೂ ಎದ್ದಳು. ನೆಣದ ಕುಡಿಕೆ, ಹಳೇ ಬಟ್ಟೆ, ಇಟ್ಟಂಗಿ ಚೂರು ಹಿಡಿದು ಹೊರಟಳು.

ಕೊಟ್ಟಿಗೆಯ ಹಿಂದೆ ಹಂಚು ಗೋಡೆಗೆ ಒರಗಿತ್ತು, ತುಕ್ಕು ಹಿಡಿದು, ಕಾಯಿಲೆ ಬಿದ್ದ ದನದ ಹಾಗೆ. ಬಡಿದು ನೋಡಿದಳು. ಗಂಟೆಯ ಸದ್ದು ಬಂತು, ಸೀಳಿರಲಿಲ್ಲ. ಅಷ್ಟು ಬೆಂಕಿಗೆ ಬಿದ್ದೂ ಸೀಳಿರಲಿಲ್ಲ. ಇಷ್ಟು ಕಾಸಿದರೆ ಬೀಡು ಸೀಳುವುದೇ ಹೆಚ್ಚು. ಇನ್ನೊಂದು ಸಲ ಬೆಂಕಿಗೆ ಬಿದ್ದರೆ ಉಳಿಯುತ್ತದೋ ಇಲ್ಲವೋ ಎಂದು ಅವಳಿಗೇ ಭರವಸೆ ಇರಲಿಲ್ಲ.

ಮಹಾಂತಮ್ಮ ಹಿತ್ತಲ ಬಾಗಿಲಿಗೆ ಬಂದು ಹೊಸ್ತಿಲ ಒಳಗೇ ನಿಂತಳು.

"ಬಂದ್ಯಾ ಯಮನವ್ವ. ಚೆಂದ ಮಾಡು. ಮದಿವಿಕ್ಕಿಂತ ಮೊದಲು ಕೇರ್ಯಾಗ ಹೆಂಗಿತ್ತೋ ಹಂಗ ಆಗಬೇಕು."

"ಆಗ್ತದ್ರಿ ಯವ್ವಾ. ಆದರ..." ಕುಡಿಕೆಯ ಕಡೆ ನೋಡಿದಳು. "ಯಾತರಲೆ ಹದ ಹಾಕ್ತೀನಿ ಅಂತ ನಿಮಗ ಗೊತ್ತದಲ್ಲ."

"ನನಗೇನೂ ಗೊತ್ತಿಲ್ಲ," ಎಂದು ಮಹಾಂತಮ್ಮ ಬೇಗ ಹೇಳಿದಳು. "ನೀ ಹೇಳಬ್ಯಾಡ. ನಾ ಕೇಳಂಗಿಲ್ಲ."

"ಬೆಂಕಿಗೆ ಹಾಕಸಂಗಿಲ್ಲ ಅಂದ್ರಂತ."

"ಹಾಕಸಂಗಿಲ್ಲ."

"ಮನಿಗೆ ಒಯ್ಯಿ ಅಂದ್ರಂತ."

"ಅಂದೀನಲ್ಲ. ಎಷ್ಟು ಸಲ ಕೇಳ್ತಿ?"

ಯಮನಮ್ಮ ಕೂತಳು. ತಿಕ್ಕಿದಳು, ತೊಳೆದಳು, ಒಲೆ ಹೂಡಿ ಕಾಸಿದಳು. ಸವರುವುದು, ಒರೆಸುವುದು, ಕಾಸುವುದು, ಆರಿಸುವುದು. ಸಂಜೆ ಮನೆಗೆ ಹೋಗಿ ಬೆಳಗಾದರೆ ಮತ್ತೆ ಬಂದಳು. ಹೆಗಲು ಸೋತು ಬಂತು. ಬೆರಳ ಸಂದಿನಲ್ಲಿ ಇಟ್ಟಂಗಿ ಪುಡಿ ಕೂತು ಚರ್ಮ ಒಡೆಯಿತು. ಹಂಚಿನ ಮೇಲೆ ಮೊದಲು ಕಂದು ಬಂತು, ಆಮೇಲೆ ಕಡುಗಂದು. ಕುಬಸದ ದಿನ ಬೆಳಿಗ್ಗೆ ಕಪ್ಪು ಬಂತು. ಮೊದಲಿನಷ್ಟಿಲ್ಲ, ಆದರೂ ಕಪ್ಪು. ಸೆರಗಿನ ಗಂಟಿನಲ್ಲಿ ತಂದಿದ್ದ ಹಿಟ್ಟನ್ನು ಕಲಸಿ, ಪರೀಕ್ಷೆಗೆಂದು ಒಂದು ರೊಟ್ಟಿ ಬಡಿದು ಹಾಕಿದಳು. ಮೇಲೆ ನೀರು ಸವರಿ ತಿರುವಿದಳು. ರೊಟ್ಟಿ ಎಲ್ಲಿಯೂ ಕಚ್ಚದೆ ಜಾರಿತು, ಉಬ್ಬಿತು.

ಬಾಗಿಲ ಕಾಯುತ್ತ ಕೂತಿದ್ದ ತಾಯಣ್ಣನಿಗೆ ಅದನ್ನು ಕೊಟ್ಟಳು.

"ತಿನ್ನು. ಮುಖ ನೋಡಿದರ ನೀನೇ ಬಸುರಿ ಆದಂಗ ಕಾಣಾಕತ್ತಿ."

ತಾಯಣ್ಣ ಅರ್ಧ ಮುರಿದು ಅವಳ ಮುಂದೆ ಹಿಡಿದ. ಅವಳು ಬೇಡವೆಂದು ತಲೆ ಆಡಿಸಿದಳು. ಅವನು ತಿನ್ನತೊಡಗಿದ. ಉಳಿದರ್ಧವನ್ನು ಕೈಯಲ್ಲೇ ಹಿಡಿದು ಕೂತ.

ಹೊತ್ತು ಏರುವ ಮೊದಲೇ ಬೀಗರ ಬಂಡಿಗಳು ಬಂದವು. ಒಳಗೆ ಹೂರಣ ರುಬ್ಬುವ ಸದ್ದು. ಬೀಗರ ಕಡೆಯ ಹಿರಿಯರೊಬ್ಬರಿಗೆ ಮನೆ ತೋರಿಸುತ್ತ ಹಂಪಯ್ಯ ಗೌಡರು ಹಿತ್ತಲಿಗೆ ಬಂದರು.

"ಭಾರಿ ಹಂಚು ಅದಲ್ರಿ ಗೌಡ್ರ," ಅಂದರು ಬೀಗರು. "ಈಗಿನ ಕಾಲದಾಗ ಇಂಥಾದ್ದು ಎಲ್ಲಿ ಸಿಗ್ತದ. ಯಾರದು?"

"ನಮ್ಮದೇ," ಅಂದರು ಗೌಡರು.

ಬೀಗರು ಹಂಚಿನ ಪಕ್ಕ ಕೂತವಳನ್ನು ನೋಡಿದರು. "ಮತ್ತ ಆಕಿ?"

"ತಿಕ್ಕಾಕ ಕರಸೀವಿ. ಬೆಂಕಿಗೆ ಹಾಕಿಸಿ ತಗೋತೀವಿ, ಬಿಡ್ರಿ. ನಮ್ಮ ಮನ್ಯಾಗ ಅದೆಲ್ಲ ಕಟ್ಟುನಿಟ್ಟು." ಗೌಡರು ಒಳಗೆ ಕೂಗಿ ಕುಳ್ಳು ಒಟ್ಟಲು ಹೇಳಿದರು. ಆಳುಗಳು ಹಿತ್ತಲ ನಡುವೆ ಕುಳ್ಳು ಒಟ್ಟಿ ಉರಿ ಹಚ್ಚಿದರು. ಇಕ್ಕಳ ಹಿಡಿದ ಹೆಣ್ಣಾಳು ಬಂದು ದೂರ ನಿಂತಳು. ಗದ್ದಲ ಕೇಳಿ ಮಹಾಂತಮ್ಮನೂ ಹೊಸ್ತಿಲಿಗೆ ಬಂದಳು.

"ಹಾಕಬೇ," ಅಂದರು ಗೌಡರು.

ಯಮನಮ್ಮ ಮಹಾಂತಮ್ಮನ ಮುಖ ನೋಡಿದಳು. "ಯವ್ವಾ, ನೀವು ಅಂದ ಮಾತು ಹೇಳ್ರಿ."

ಮಹಾಂತಮ್ಮ ಕೊಟ್ಟಿಗೆಯ ಗೋಡೆ ನೋಡಿದಳು. "ಕಾರ್ಯದ ಮನ್ಯಾಗ ಮಾತು ಬೆಳಸಬ್ಯಾಡ ಯಮನವ್ವ. ಹಾಕು. ಮುಂದಿಂದು ಮುಂದ ನೋಡೂಣು."

"ಮನಿಗೆ ಒಯ್ಯಿ ಅಂದಿದ್ರಿ."

ಗೌಡರು ಬೀಗರ ಕಡೆ ತಿರುಗಿ ನಕ್ಕರು. "ಕೇಳಿದ್ರಾ? ಶುದ್ಧ ಮಾಡಿ ಮನ್ಯಾಗ ಇಟ್ಟುಕೊಂಡಿದ್ದನ್ನ ಮತ್ತ ಕೇರಿಗೆ ಕೊಡಾಕ ಬರ್ತದೇನು? ಅದು ಮೈಲಿಗಿ ಆಗಂಗಿಲ್ಲೇನು?"

ಯಮನಮ್ಮ ಸಿಟ್ಟು ಬರಲಿ ಎಂದು ಕಾದವಳ ಹಾಗೆ ಕಂಡಳು. ಬರಲಿಲ್ಲ, ಬರಲು ಅವಳಲ್ಲಿ ತ್ರಾಣ ಉಳಿದಿರಲಿಲ್ಲ. ಆರಿದ್ದ ಹಂಚನ್ನು ನಿಧಾನವಾಗಿ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

"ಈಗ ಇದು ಶುದ್ಧ ಇಲ್ಲರಿ ಗೌಡ್ರ. ಈಗ ನನ್ನ ಕೈ ಅದರ ಮ್ಯಾಲ ಅದ, ನನ್ನ ನೆಣ ಅದ. ಬೆಂಕಿಗೆ ಹಾಕಿದರ ನಿಮ್ಮದಾಗ್ತದ. ಹಾಕದಿದ್ದರ ನಂದು." ಉಸಿರು ಎಳೆದುಕೊಂಡಳು. "ನನಗ ಸಾಕಾಗ್ಯಾದ್ರಿ. ನಾ ಹಾಕಂಗಿಲ್ಲ."

ಯಾರೂ ಅಲುಗಲಿಲ್ಲ. ಹಿತ್ತಲ ತುಂಬ ಆಳುಗಳಿದ್ದರು, ಒಬ್ಬರೂ ಮುಂದೆ ಬರುವಂತಿರಲಿಲ್ಲ. ಕಸಿದುಕೊಳ್ಳಬೇಕಾದರೆ ಅವಳನ್ನು ಮುಟ್ಟಬೇಕು, ಹಂಚನ್ನು ಮುಟ್ಟಬೇಕು. ಮುಟ್ಟಿದವರು ಇವತ್ತಿನ ಕಾರ್ಯಕ್ಕೆ ಒಳಗೆ ಹೋಗುವಂತಿಲ್ಲ. ಹೆಣ್ಣಾಳು ಇಕ್ಕಳವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಒಳಗೆ ಹೂರಣ ಆರುತ್ತಿತ್ತು, ಕಣಕ ನೆನೆದು ಸಡಿಲಾಗುತ್ತಿತ್ತು. ಬೀಗರು ಹೆಗಲ ಮೇಲಿನ ಶಲ್ಯ ಸರಿ ಮಾಡಿಕೊಂಡರು. ಉರಿ ಒಂದು ಸಲ ಎದ್ದು, ಕುಳ್ಳು ಕುಸಿದು ಕೆಂಡವಾಗತೊಡಗಿತು.

"ಲೇ ತಾಯಣ್ಣ," ಅಂದರು ಗೌಡರು. ದನಿ ಏರಲಿಲ್ಲ. "ನಿನ್ನ ವಾಲಿಕಾರಿಕಿ ಹೊಲ ಯಾರು ಕೊಟ್ಟದ್ದು ನೆನಪದ ಏನು?"

"ಅದರಿ."

"ಹಂಗಾರ ಕಸಗೊಂಡು ಬೆಂಕಿಗೆ ಹಾಕು."

ತಾಯಣ್ಣ ಎದ್ದು ನಿಂತ. ಅಕ್ಕನ ಕಡೆ ಎರಡು ಹೆಜ್ಜೆ ಇಟ್ಟ. ಯಮನಮ್ಮ ಅವನನ್ನು ನೋಡಲಿಲ್ಲ. ಹಂಚಿನ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತ ಕೂತಿದ್ದಳು. ತಾಯಣ್ಣ ಅಲ್ಲೇ ನಿಂತ.

"ಕೈಯಾಗ ರೊಟ್ಟಿ ಅದರಿ, ಗೌಡ್ರ."

"ತಿಂದು ಹಾಕಲೇ."

ತಾಯಣ್ಣ ಕೈಯಲ್ಲಿದ್ದ ತುಂಡನ್ನು ನೋಡಿದ. ಬಾಯಿಗಿಟ್ಟು, ಅವಸರವಿಲ್ಲದೆ ಅಗಿದು ನುಂಗಿದ. ಅಂಗೈಗೆ ಹತ್ತಿದ ಹಿಟ್ಟನ್ನು ಧೋತರಕ್ಕೆ ಒರೆಸಿಕೊಂಡ.

"ತಿಂದ ಮ್ಯಾಲೂ ಹಾಕಂಗಿಲ್ಲರಿ."